ಮಂಗಳವಾರದ ಎರಡು ಗಂಟೆ

"ಅಮ್ಮಾ, ನಿಮ್ಮ ಬಿ.ಪಿ. ಮಾತ್ರೆ?" ಔಷಧಿ ಅಂಗಡಿಯವನು ಪೊಟ್ಟಣವನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡು ಕೇಳಿದ. "ಯಜಮಾನರದು ಒಂದು ದಿನ ತಪ್ಪಿಲ್ಲ. ನಿಮ್ಮದು ಒಯ್ದು ಮೂರು ತಿಂಗಳಾಯ್ತು."

"ಊರಿನವರ ಮಾತ್ರೆಯನ್ನೆಲ್ಲ ಹೀಗೇ ಎಣಿಸ್ತಾ ಕೂತಿರ್ತೀಯೇನಪ್ಪಾ?" ಎಂದಳು ಹೊಲಿಗೆಯಮ್ಮ. ಬಟ್ಟೆ ಹೊಲಿಯುವುದನ್ನು ಬಿಟ್ಟು ಎರಡು ವರ್ಷವಾಗಿದ್ದರೂ ಬೀದಿಯವರಿಗೆ ಅವಳು ಹೊಲಿಗೆಯಮ್ಮನೇ.

"ರಾತ್ರಿ ನಿದ್ದೆ ಆಗುತ್ತಾ?"

"ಅವರು ಬಿಟ್ರೆ ಆಗುತ್ತೆ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಹೋದ ವಾರ ಡಾಕ್ಟರೂ ಹೀಗೇ ಕೆದಕಿದ್ದರು: ಸ್ನಾನ ಯಾರು ಮಾಡಿಸುತ್ತಾರೆ, ಎತ್ತಿ ಕೂರಿಸುವವರು ಯಾರು. ಈಗ ಇವನು. ಪೊಟ್ಟಣದ ಜೊತೆ ಒಂದು ಚೀಟಿ ಬೇರೆ. ಅದರ ಮೇಲೆ ಡಾಕ್ಟರ ಕೈಬರಹದಲ್ಲೇ ಒಂದು ಫೋನ್ ನಂಬರು.

"ನಮ್ಮ ಬಡಾವಣೆಯ ಸೇವಾ ಸಂಘ ಅಮ್ಮಾ. ವಾರಕ್ಕೆ ಎರಡು ಗಂಟೆ ಒಬ್ಬರು ಬಂದು ಯಜಮಾನರ ಹತ್ತಿರ ಕೂತಿರ್ತಾರೆ. ನೀವು ಹೊರಗೆ ಹೋಗಿ ಬರಬಹುದು."

"ನಾನು ಹೊರಗೆ, ಅವರು ವ್ಯಾನಿನೊಳಗೆ. ಗೊತ್ತು ಬಿಡಪ್ಪಾ." ಎದುರುಮನೆಯ ಅಜ್ಜನನ್ನು ವೃದ್ಧಾಶ್ರಮಕ್ಕೆ ಸಾಗಿಸುವ ಮೊದಲೂ ಯಾರೋ ಹೀಗೇ ನಯವಾಗಿ ಮಾತಾಡಿಕೊಂಡು ಬಂದಿದ್ದರು.

ಚೀಟಿ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ದಾರದುಂಡೆಗಳ ನಡುವೆ ಬಿದ್ದಿತ್ತು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಗಂಡನನ್ನು ಎತ್ತಲು ಹೋಗಿ ಅವಳಿಗೇ ತಲೆ ಸುತ್ತಿತು. ಒದ್ದೆ ನೆಲದ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡು ಬಹಳ ಹೊತ್ತು ಕೂತಿದ್ದರು. "ಅಂಗಡಿ ತೆಗೀಬೇಕು, ಹೊತ್ತಾಯ್ತು," ಎನ್ನುತ್ತಲೇ ಇದ್ದರು ಯಜಮಾನರು. ಗಡಿಯಾರ ರಿಪೇರಿಯ ಆ ಅಂಗಡಿ ಮುಚ್ಚಿ ಆರು ವರ್ಷವಾಗಿತ್ತು. ಹೇಗೋ ಏಳುವಷ್ಟು ಶಕ್ತಿಯನ್ನು ದೇವರು ಕೊಟ್ಟ. ಎದ್ದವಳು ಫೋನ್ ಮಾಡಿದಳು.

ಮಂಗಳವಾರ ಸಂಘದಿಂದ ಒಬ್ಬ ಹೆಂಗಸು ಬಂದಳು. ಅವಳು ಚಪ್ಪಲಿ ಬಿಡುವ ಮೊದಲೇ ಹೊಲಿಗೆಯಮ್ಮ ಹೇಳಿದಳು, "ಇವರನ್ನ ಎಲ್ಲಿಗೂ ಕರ್ಕೊಂಡು ಹೋಗೋ ಹಾಗಿಲ್ಲ."

"ಹೆಂಗೆ ಕರ್ಕೊಂಡು ಹೋಗ್ಲಿ ಅಮ್ಮಾ? ನಾನೇ ಸೈಕಲ್ ತುಳ್ಕೊಂಡು ಬಂದಿದೀನಿ."

ಹೊಲಿಗೆಯಮ್ಮ ನಗಲಿಲ್ಲ. ಚೀಲ ಹಿಡಿದು ಬೀದಿಯ ತಿರುವಿನವರೆಗೆ ಹೋದಳು. ಅಲ್ಲಿಂದ ಹಿಂದಿನ ಓಣಿ ಹಿಡಿದು ಬಂದು ತನ್ನದೇ ಮನೆಯ ಹಿತ್ತಲ ಕಿಟಕಿಗೆ ಕಳ್ಳಿಯ ಹಾಗೆ ಒರಗಿ ನಿಂತಳು. ಕಿಟಕಿಯ ಒಂದೇ ಬಾಗಿಲು ತೆರೆದಿತ್ತು. ಕತ್ತು ಚಾಚಿದರೂ ಗಂಡನ ಮೊಣಕಾಲು, ಅದರ ಮೇಲೆ ಗಡಿಯಾರದ ಬಿಡಿಭಾಗಗಳ ತಗಡಿನ ಡಬ್ಬಿ, ಅಷ್ಟೇ ಕಾಣುತ್ತಿತ್ತು.

"ಈ ಸ್ಕ್ರೂ ಯಾವುದರದು ಯಜಮಾನ್ರೇ?"

"ನಿನಗೆ ಕೆಲಸ ಕಲಿಸಿದ ಪುಣ್ಯಾತ್ಮ ಯಾರು? ಕೊಡಿಲ್ಲಿ!"

ಆ ಗದರಿಕೆಯನ್ನು ಅವಳು ಕೇಳಿ ವರ್ಷವಾಗಿತ್ತು. ಇನ್ನಷ್ಟು ಬಾಗಿದಳು. ಕಾಲು ತಾಗಿ ಬಕೆಟ್ಟು ಉರುಳಿತು.

ಹಿತ್ತಲ ಬಾಗಿಲು ತೆರೆಯಿತು. ಆ ಹೆಂಗಸು ಇವಳ ಮುಖ ನೋಡದೆ, ಹೊಲಿಗೆ ಯಂತ್ರದ ಮುಂದಿನ ಸ್ಟೂಲನ್ನು ತಂದು ಕಿಟಕಿಯ ಪಕ್ಕ ಇಟ್ಟು ಒಳಗೆ ಹೋದಳು.

ಆಮೇಲೆ ಕಿಟಕಿಯ ಇನ್ನೊಂದು ಬಾಗಿಲೂ ಮೆಲ್ಲಗೆ ತೆರೆದುಕೊಂಡಿತು.