ಸಣ್ಣ ಭೂಕಂಪಕ್ಕೆ ಬರುವ ಫೋನು

ನಿಕೋಬಾರಿನಲ್ಲಿ ಭೂಮಿ ನಡುಗಿತು ಅಂತ ಟೀವಿಯವನು ಹೇಳಿದಾಗ ನಾನು ಹುರುಳಿಕಾಯಿ ನಾರು ತೆಗೀತಾ ಕೂತಿದ್ದೆ. ತೆಗೀತಾನೇ ಇದ್ದೆ. ಮಧ್ಯಮ ಪ್ರಮಾಣದ್ದಂತೆ, ಭೂಮಿಯೊಳಗೆ ತುಂಬಾ ಆಳದಲ್ಲಂತೆ, ಯಾರಿಗೂ ಏನೂ ಆಗಿಲ್ಲವಂತೆ. ಅಷ್ಟು ಹೇಳಿ ಅವನು ಕ್ರಿಕೆಟ್ಟಿಗೆ ಹೋದ. ನಮ್ಮತ್ತೆ ಪಟಾಲಮ್ಮ ಮಾತ್ರ ಕಾಫಿ ಲೋಟ ಕೆಳಗಿಟ್ಟು, ಸೆರಗು ಸರಿ ಮಾಡ್ಕೊಂಡು, ಫೋನಿನ ಪಕ್ಕಕ್ಕೆ ಹೋಗಿ ಕೂತುಬಿಟ್ರು.

“ಸಣ್ಣದು ಕಣೇ ಯಮುನಾ. ಸಂಜೆಯೊಳಗೆ ಮಾಡ್ತಾನೆ ನೋಡು,” ಅಂದ್ರು.

ಮಾಡ್ತಾರಂತೆ! ನನ್ನ ಗಂಡ ಮುನೀಂದ್ರ ವೈರಿಂಗ್ ಕೆಲಸದವರು. ಕ್ವಾರ್ಟರ್ಸ್ ಕಟ್ಟೋ ಕಾಂಟ್ರ್ಯಾಕ್ಟರ್ ಜೊತೆ ಆ ದ್ವೀಪಕ್ಕೆ ಹೋದೋರು. ಅಲ್ಲಿ ನೆಲ ಅಲ್ಲಾಡೋದು ಮಾಮೂಲು. ಅಲ್ಲಾಡಿದಾಗೆಲ್ಲ ಅವತ್ತೇ ಸಂಜೆಯೊಳಗೆ ಫೋನ್ ಮಾಡಿ, “ಅಮ್ಮಾ, ಸ್ವಲ್ಪ ಕುಲುಕಾಡ್ತು ಅಷ್ಟೇ, ಚೆನ್ನಾಗಿದೀನಿ,” ಅನ್ನೋರು. ಸುನಾಮಿ ದಿನ ಮಾಡಲಿಲ್ಲ. ಆಮೇಲೂ ಮಾಡಲಿಲ್ಲ. ಹೆಣವೂ ಸಿಗಲಿಲ್ಲ.

ಅದಾಗಿ ಎರಡು ವರ್ಷ. ಅಲ್ಲಿ ಸಣ್ಣದಾಗಿ ನಡುಗಿದ ಸುದ್ದಿ ಬಂದಾಗೆಲ್ಲ ಅತ್ತೆ ಹೀಗೇ ಕೂರೋರು. ತಿಥಿ ಅನ್ನೋ ಮಾತೆತ್ತಿದ್ರೆ ಮನೆಯಿಂದ ಆಚೆ ಅಟ್ಟೋರು. ಬಾಣಸವಾಡಿಯ ನಮ್ಮ ಬೀದಿಯವರಿಗೂ ಪೀಕಲಾಟ. ಅರಿಶಿನ ಕುಂಕುಮಕ್ಕೆ ನನ್ನನ್ನ ಕರೆದರೂ ಕಷ್ಟ, ಬಿಟ್ಟರೂ ಕಷ್ಟ ಅಂತ ತಾಂಬೂಲ ತಂದು ಕಾಂಪೌಂಡ್ ಮೇಲಿಟ್ಟು ಹೋಗ್ತಾರೆ. ನಾನು ಕೆಲಸ ಮಾಡೋ ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡೀಲಿ ಯಾರಾದ್ರೂ ಯಜಮಾನ್ರ ಬಗ್ಗೆ ಕೇಳಿದ್ರೆ ಇನ್ನೊಂದು ಸೀರೆ ಬಿಚ್ಚಿ ತೋರಿಸ್ತೀನಿ. ನನಗೆ ಅಳು ಬರ್ತಿರಲಿಲ್ಲ. ಅತ್ತೆ ಮೇಲೆ ಸಿಟ್ಟೊಂದು ಬರ್ತಿತ್ತು. ಸತ್ತೋರನ್ನ ಸತ್ತರು ಅಂದ್ರೆ ಇವರ ಗಂಟೇನು ಹೋಗುತ್ತೆ ಅನ್ನಿಸ್ತಿತ್ತು.

ಅತ್ತೆಯ ತಮ್ಮ ಮುನಿಕೃಷ್ಣಪ್ಪನೂ ಟೀವಿ ನೋಡಿದ್ರು ಅಂತ ಕಾಣುತ್ತೆ, ತಿಂಡಿ ಹೊತ್ತಿಗೆಲ್ಲ ಬಂದ್ಬಿಟ್ರು. ಚಪ್ಪಲೀನೂ ಬಿಡದೆ ಬಾಗಿಲಲ್ಲೇ ನಿಂತು, “ಅಕ್ಕಾ, ಇದೇ ಕೊನೆ. ಇವತ್ತು ಸಂಜೆಯೊಳಗೆ ಫೋನ್ ಬರದಿದ್ರೆ ತಿಥಿ ಮಾಡೋದೇ. ಈ ಹುಡುಗಿ ಮುಖ ನೋಡು ಒಂದ್ಸಲ,” ಅಂದ್ರು.

ಅತ್ತೆ ನನ್ನ ಮುಖ ನೋಡಲಿಲ್ಲ. “ಆಯ್ತು ಬಿಡೋ,” ಅಂದ್ರು.

ಅಬ್ಬ, ಅಂದುಕೊಂಡೆ. ಅದಕ್ಕಿಂತ ಹೆಚ್ಚೇನೂ ಅನ್ನಿಸಲಿಲ್ಲ. ಮುನಿಕೃಷ್ಣಪ್ಪ ಹೊರಟ ಮೇಲೆ ಅಂಗಡಿಗೆ ರಜ ಹೇಳಿ ಸಾರಿಗಿಟ್ಟೆ.

ಮುದ್ದೆ ಮುರೀತಾ ಅತ್ತೆ ಕೇಳಿದ್ರು, “ಅಷ್ಟು ಆಳದಲ್ಲಿ ಅಂದ್ರೆ ಅವನಿಗೆ ಗೊತ್ತಾಗಿರುತ್ತೇನೇ?”

“ಮೇಲಿರೋರಿಗೆ ಗೊತ್ತಾಗಲ್ಲ ಅತ್ತೆ,” ಅಂದುಬಿಟ್ಟೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಮುದ್ದೆ ಹಾಗೇ ಬಿಟ್ಟು ಕೈ ತೊಳ್ಕೊಂಡ್ರು.

ಪಾತ್ರೆ ತೊಳೀತಿದ್ದೆ, ಫೋನ್ ಬಡ್ಕೊಳ್ತು. ಒದ್ದೆ ಕೈಲೇ ಓಡಿಬಂದೆ. ಅತ್ತೆ ಕೈ ಚಾಚಿದವರು ಎತ್ತೋಕಾಗದೆ ಹಾಗೇ ನಿಂತಿದ್ರು. ನಾನೇ ಎತ್ತಿದೆ. ದೂರದ ಲೈನು, ಗೊರಗೊರ ಸದ್ದು. ರಿಸೀವರ್ ಕಿವಿಗೆ ಒತ್ತಿ ಹಿಡ್ಕೊಂಡೆ.

“ಭಾಭಿ, ನಾನು ಮುಕ್ತಾರ್. ಸೌದಿಯಿಂದ.”

ಶಿವಾಜಿನಗರದ ಮುಕ್ತಾರ್. ನಮ್ಮನೆಯವರ ಜೊತೇಲೇ ವೈರಿಂಗ್ ಕಲಿತೋನು, ಸುನಾಮಿಗೆ ಮುಂಚೇನೇ ಸೌದಿಗೆ ಹೋದೋನು. ನಾನು ಹೂಂ ಅಂದೆ.

“ಟೀವೀಲಿ ನೋಡ್ದೆ ಭಾಭಿ. ಅಲ್ಲಿ ಜಲ್ಜಲಾ ಆಯ್ತಂತೆ, ನೆಲ ನಡುಗ್ತಂತೆ. ಮುನೀಂದ್ರ ಚೆನ್ನಾಗಿದಾನಲ್ಲ? ದೊಡ್ಡದಾದಾಗ ಕೇಳೋಕೆ ಧೈರ್ಯ ಬರಲಿಲ್ಲ ಭಾಭಿ. ಅಲ್ಲಾ ಕಸಮ್, ಎಷ್ಟೋ ಸಲ ನಂಬರ್ ಒತ್ತಿ ಇಟ್ಬಿಟ್ಟೆ. ಇವತ್ತಿಂದು ಸಣ್ಣದಂತೆ. ಅದಕ್ಕೇ ಮಾಡ್ದೆ.”

ಬಾಯಿ ತೆಗೆದೆ. ಸತ್ತರು ಅನ್ನೋ ಮಾತು ಹೊರಡಲಿಲ್ಲ. ಎರಡು ವರ್ಷದಿಂದ ತಿಥಿ, ತಿಥಿ ಅಂತ ಮನಸಲ್ಲೇ ಬಡಕೊಂಡೋಳು ನಾನು! ಅತ್ತೆ ನನ್ನನ್ನೇ ನೋಡ್ತಾ ಇದ್ದು, ರಿಸೀವರ್ ಮೆಲ್ಲಗೆ ತಗೊಂಡ್ರು.

“ಯಾರು, ಮುಕ್ತಾರಾ?” ಅಂದ್ರು. ಅವನು ಅದನ್ನೇ ಮತ್ತೆ ಕೇಳಿದ ಅಂತ ಕಾಣುತ್ತೆ. “ಇಲ್ಲ ಕಣಪ್ಪ. ಹೋಗ್ಬಿಟ್ಟ ಅವನು. ಆ ದೊಡ್ಡದರಲ್ಲೇ ಹೋದ.” ದನಿ ಅಲ್ಲಾಡಲೇ ಇಲ್ಲ. “ನೀನು ಅಳಬೇಡ ಕಂದ. ಊಟ ಆಯ್ತಾ ನಿಂದು?”

ನನಗೆ ಬೇಕಾಗಿದ್ದ ಮಾತು ಅದೇ. ಅವರ ಬಾಯಿಂದ ಅದು ಬಂದರೆ ಎದೆ ಹಗುರಾಗುತ್ತೆ, ಕೂತು ಅತ್ತು ಮುಗಿಸ್ತೀನಿ ಅಂದ್ಕೊಂಡಿದ್ದೆ. ಅಳು ಬರಲಿಲ್ಲ. ಕಾಲಿನ ಕೆಳಗೆ ಏನೂ ಇಲ್ಲದಂಗಾಯ್ತು. ಅಷ್ಟು ದಿನ ನನ್ನ ಪಾಲಿಗೂ ಕಾದೋರು ಅವರು, ಅದರಿಂದಲೇ ನಿಶ್ಚಿಂತೆಯಾಗಿ ಸಿಟ್ಟು ಮಾಡ್ಕೊಂಡು ಓಡಾಡಿದೋಳು ನಾನು.

ಕೈ ಚಾಚಿ ಫೋನಿನ ಗುಂಡಿ ಒತ್ತಿಬಿಟ್ಟೆ. ಲೈನ್ ಕಟ್ಟಾಯ್ತು.

“ಏನೇ ಇದು? ಪಾಪ ಆ ಹುಡುಗ ಅಳ್ತಿದ್ದ,” ಅಂದ್ರು ಅತ್ತೆ.

“ನಾವೇ ಲೈನ್ ಹಿಡ್ಕೊಂಡು ಕೂತ್ರೆ ನಿಮ್ಮ ಮಗ ಹೇಗೆ ಫೋನ್ ಮಾಡ್ತಾರೆ ಅತ್ತೆ?” ಅಂದೆ. “ಇನ್ನೂ ಸಂಜೆ ಆಗಿಲ್ಲ.”