ಇನ್ನೊಂದು ಕೈ

“ಇವತ್ತೂ ಬರಾಂಗಿಲ್ಲೇನು?” ಹೊಸ್ತಿಲಲ್ಲೇ ನಿಂತು ಉಪನ್ಯಾಸಕಿ ಶೀಲಾ ಕೇಳಿದಳು. ಮಗ್ಗದ ಮುಂದೆ ಕುಳಿತಿದ್ದ ರೋಹಿಣಿ ಪಕ್ಕದಲ್ಲಿದ್ದ ತಾಯಿ ಶಾರವ್ವನ ಮುಖ ನೋಡಿದಳು. ಹಿಡಿದ ಎಳೆಯನ್ನು ಮಾತ್ರ ಬಿಡಲಿಲ್ಲ.

ಪರೀಕ್ಷೆ ಎರಡು ಗಂಟೆಗಿತ್ತು. ಹೋದ ಸಲವೂ ಹುಡುಗಿ ಇದೇ ಪತ್ರಿಕೆಗೆ ಗೈರಾಗಿದ್ದಳು. ಇದೂ ತಪ್ಪಿದರೆ ಮುಂದಿನ ವರ್ಷಕ್ಕೆ ಸೇರಿಸಿಕೊಳ್ಳುವುದಿಲ್ಲ, ಶಿಕ್ಷಕಿಯಾಗುವ ಅವಳ ಆಸೆ ಅಲ್ಲಿಗೇ ಮುಗಿಯುತ್ತದೆ. ಕಾಲೇಜಿನವರು ಪ್ರತಿ ಉಪನ್ಯಾಸಕರ ಕೊರಳಿಗೂ ಒಂದಷ್ಟು ವಿದ್ಯಾರ್ಥಿಗಳನ್ನು ಕಟ್ಟಿ, ಮಾರ್ಗದರ್ಶನ ಮಾಡಿ ಎಂದಿದ್ದರು. ಶೀಲಾ ವರ್ಷವಿಡೀ ಮಾಡಿದ್ದಳು: ಬೇಗ ಏಳು, ವೇಳಾಪಟ್ಟಿ ಹಾಕಿಕೋ, ಗುರಿ ಮರೆಯಬೇಡ. ಹೇಳಿ ಹೇಳಿ ಆ ಮಾತುಗಳ ಮೇಲೆ ಅವಳಿಗೇ ಬೇಸರ ಬಂದಿತ್ತು. ಇವತ್ತು ಪರೀಕ್ಷೆಯ ಕೆಲಸವೂ ಇರಲಿಲ್ಲ, ಮನೆಗೆ ಮರಳಲು ಬಾಗಲಕೋಟೆಯ ಬಸ್ಸಿನಲ್ಲಿ ಸೀಟು ಸಿಗುವ ಹೊತ್ತು. ಈ ಊರ ಉಸಾಬರಿ ಯಾಕೆ ಬೇಕಿತ್ತು?

ಶಾರವ್ವ ಮಗಳ ಓದಿಗೆ ಅಡ್ಡ ಬಂದವಳಲ್ಲ. ಆದರೆ ಸೀರೆಯ ಮೈಯ ಎಳೆಗೆ ಸೆರಗಿನ ಎಳೆ ಸೇರಿಸಿ, ಒಂದೊಂದಕ್ಕೂ ಕೊಂಡಿ ಹಾಕಬೇಕು. ಒಬ್ಬರು ಎಳೆ ಕೊಡಬೇಕು, ಇನ್ನೊಬ್ಬರು ಹಾಕಬೇಕು. ಅತ್ತೆಯ ಕಣ್ಣು ಮಂಜಾದ ಮೇಲೆ ಆ ಇನ್ನೊಂದು ಕೈ ರೋಹಿಣಿಯದಾಗಿತ್ತು. ಕೆಲಸ ಒಂದು ದಿನ ನಿಂತರೂ ಮದುವೆಯವರ ಸೀರೆ ಹೊತ್ತಿಗೆ ಮುಟ್ಟುವುದಿಲ್ಲ.

“ಬಾಜೂ ಮನಿಯಾಗೂ ಮಗ್ಗ ಐತಲ್ರಿ, ಅವರನ್ನ ಕರೀಬಾರದೇನ್ರಿ?” ಶೀಲಾ ಕೇಳಿದಳು.

ಶಾರವ್ವ ಮತ್ತೊಂದು ಎಳೆಗೆ ಕೈ ಹಾಕಿದಳು. ಬಚ್ಚಲ ನೀರಿನ ಜಗಳದಲ್ಲಿ ಪಕ್ಕದ ಮನೆಯ ಜೋಹರಾಳ ಜೊತೆ ಅವ್ವ ಮಾತು ಬಿಟ್ಟು ವರ್ಷವಾಯಿತೆಂದು ರೋಹಿಣಿ ಮೆಲ್ಲಗೆ ಹೇಳಿದಳು. ಗೋಡೆಯಾಚೆ ಜೋಹರಾಳ ಮಗ್ಗ ಖಟ್ ಖಟ್ ಎನ್ನುತ್ತಲೇ ಇತ್ತು.

ಶೀಲಾಳ ಬಾಯಿಗೆ ಮತ್ತೊಂದು ಬುದ್ಧಿಮಾತು ಬಂದಿತ್ತು. ಆಡಲು ಬೇಡವೆನಿಸಿ, ಚೀಲವನ್ನು ಗೂಟಕ್ಕೆ ಹಾಕಿ ಕುಳಿತಳು. “ಏಳು. ನಿನ್ನ ಪೇಪರ್ ನಾ ಬರಿಯಾಕ ಬರಾಂಗಿಲ್ಲ. ಇಲ್ಲಿ ನಾ ಕುಂಡ್ರತೇನಿ.”

ಶಾರವ್ವ ಬೇಡ ಬೇಡ ಎನ್ನುವಷ್ಟರಲ್ಲಿ ರೋಹಿಣಿ ಚಪ್ಪಲಿ ಮೆಟ್ಟಿದ್ದಳು.

ಮಧ್ಯಾಹ್ನವಿಡೀ ಶೀಲಾ ಎಳೆ ಕೊಟ್ಟಳು. ಅವು ಬೆರಳಿಗೆ ಸಿಗುತ್ತಿರಲಿಲ್ಲ, ಸಿಕ್ಕರೆ ಎರಡೆರಡು ಬರುತ್ತಿದ್ದವು. ಸೊಂಟ ಹಿಡಿಯಿತು, ಕಣ್ಣು ಉರಿಯಿತು. ಶಾರವ್ವ ಒಮ್ಮೆ ನಕ್ಕಳು. “ಕುಣಿಯಾಕ ಬರದಾಕಿ ನೆಲಾ ಡೊಂಕ ಅಂತಾಳ್ರಿ. ನೀವು ಅದನ್ನೂ ಅನ್ನವಲ್ರಿ.”

ಇಳಿಹೊತ್ತಿಗೆ ರೋಹಿಣಿ ಬಂದಳು. ಚೆನ್ನಾಗಿ ಬರೆದಿದ್ದಳು. ನಾಳೆ ಇನ್ನೊಂದು ಪತ್ರಿಕೆ ಎಂದಳು, ಯಾರ ಮುಖವನ್ನೂ ನೋಡದೆ. ಶಾರವ್ವ ಅಷ್ಟೂ ಕೊಂಡಿಗಳ ಮೇಲೆ ಬೆರಳಾಡಿಸಿದಳು. ಅಲ್ಲಲ್ಲಿ ಎರಡೆಳೆ ಒಂದರಲ್ಲೇ ಕೂಡಿದ್ದವು. ಅರ್ಧಕ್ಕರ್ಧ ಬಿಚ್ಚಿ ಮತ್ತೆ ಹಾಕಬೇಕು.

ಶೀಲಾಳಿಗೆ ಅಳು ಬರುವಷ್ಟು ನಾಚಿಕೆಯಾಯಿತು. ಏಳುವ ತ್ರಾಣವೂ ಇರಲಿಲ್ಲ. ಆದರೂ, “ನಾಳಿನೂ ಬರ್ತೇನ್ರಿ,” ಎಂದಳು.

“ಬ್ಯಾಡ್ರಿ ಮೇಡಮ್ಮಾರ.”

ಶಾರವ್ವ ಎದ್ದು ಹಿತ್ತಲ ಗೋಡೆಯ ಹತ್ತಿರ ಹೋದಳು.

“ಜೋಹರಾ,” ಎಂದಳು, ಜೋರಾಗೇನಲ್ಲ.

ಗೋಡೆಯಾಚೆ ಮಗ್ಗದ ಸದ್ದು ನಿಂತಿತು.