ಸಂಡಿಗೆಯ ಕಿವಿ

ಸ್ಕ್ಯಾನ್ ಮುಗಿಯಿತೆಂದು ಯಾರೋ ಬಂದು ಹೇಳಿ ಹೋದರು. ಏನು ಕಂಡಿತೆಂದು ಹೇಳಲಿಲ್ಲ. ಟಕ್ವಿಲಾ ಊರಿನ ಪ್ರಾಣಿಗಳ ಆಸ್ಪತ್ರೆಯಲ್ಲಿ ವಿಜಯಶ್ರೀ ಬೆಕ್ಕಿನ ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಹತ್ತು ವರ್ಷದ ಮಗಳು ಜಾಹ್ನವಿ. ಓವರ್‌ಲೇಕ್‌ನ ಮನೆಯಿಂದ ಇಲ್ಲಿಯವರೆಗೂ ಅವಳು ಕಾರಿನ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

ಬೆಕ್ಕಿನ ಹೆಸರು ಸಂಡಿಗೆ. ಅಷ್ಟು ಬಿಳುಪು. ಅಡುಗೆ ಮಾಡುವಾಗ ಬಂದು ಕಾಲಿಗೆ ಮೈ ಉಜ್ಜುತ್ತಿತ್ತು. ವಿಜಯಶ್ರೀ ಇದ್ದ ಕೈಯಲ್ಲೇ ತಲೆ ಸವರಿಬಿಡುತ್ತಿದ್ದಳು. ಅದರ ನೆತ್ತಿಯ ಮೇಲೆ ಅರಿಸಿನದ ಕಲೆಯೊಂದು ಇದ್ದೇ ಇರುತ್ತಿತ್ತು.

ಗೌರಿ ಹಬ್ಬದ ದಿನ ಜಾಹ್ನವಿ ಅದನ್ನು ಎತ್ತಿಕೊಂಡು ಬಂದಿದ್ದಳು. "ಅಮ್ಮಾ, ಹರ್ ಇಯರ್ಸ್ ಆರ್ ಯೆಲ್ಲೋ."

"ನನ್ನ ಕೈಯಿಂದ ಆಗಿರೋದು ಕಣೇ. ಬೆಳಗ್ಗೆಯಿಂದ ಅರಿಸಿನದಲ್ಲೇ ಇದೀನಿ."

"ಬಟ್ ಇನ್‌ಸೈಡ್, ಅಮ್ಮಾ."

ಗಂಡ ಗುರುಪ್ರಸಾದ್ ಸೋಫಾದಿಂದಲೇ ನಕ್ಕ. "ಸಂಡಿಗೆಗೂ ಅರಿಸಿನ ಕುಂಕುಮ ಕೊಟ್ಬಿಟ್ಯಾ? ಬಾಗಿನ ಒಂದು ಬಾಕಿ ನೋಡು!"

ವಿಜಯಶ್ರೀ ಹತ್ತಿ ಒದ್ದೆ ಮಾಡಿ ಕಿವಿಯೊಳಗೆ ಒರೆಸಿದಳು. ಹತ್ತಿ ಹಳದಿಯಾಯಿತು. "ನೋಡಿದ್ಯಾ, ಬಂತು," ಎಂದು ಮಗಳ ಮುಖದೆದುರು ಹಿಡಿದಳು. ಅದು ತನ್ನ ಬೆರಳಿನದೇ ಹಳದಿ ಎಂದು ಹೊಳೆಯಲಿಲ್ಲ.

ವಾರಗಳ ನಂತರ, ಸಂಡಿಗೆ ಊಟ ಬಿಟ್ಟು ಮೂಲೆ ಹಿಡಿದ ಮೇಲೆಯೇ ಮನೆ ಹತ್ತಿರದ ಡಾಕ್ಟರ ಬಳಿ ಒಯ್ದದ್ದು. ಕಾಮಾಲೆ ಎಂದರು. ಪಿತ್ತನಾಳ ಎಲ್ಲಿ ಕಟ್ಟಿದೆಯೆಂದು ಅಲ್ಟ್ರಾಸೌಂಡಿನಲ್ಲಿ ಸರಿಯಾಗಿ ಕಾಣಲಿಲ್ಲ. ಕಲ್ಲಾಗಿದ್ದರೆ ತೆಗೆಯಬಹುದು, ಎಂಆರ್‌ಐ ಮಾಡಿ ನೋಡಲಿ ಎಂದು ಇಲ್ಲಿಗೆ ಕಳಿಸಿದ್ದರು. ಕಲ್ಲೇ ಆಗಿರಲಿ ಎಂದು ವಿಜಯಶ್ರೀ ದಾರಿಯುದ್ದಕ್ಕೂ ಬೇಡಿಕೊಂಡಿದ್ದಳು.

ಇಲ್ಲಿಯ ಡಾಕ್ಟರಮ್ಮ ಇಬ್ಬರನ್ನೂ ಒಳಗೆ ಕರೆದು ಚಿತ್ರ ತೋರಿಸಿದರು. ಕಪ್ಪು ಪರದೆಯ ಮೇಲೆ ಬಿಳಿ ಕೊಂಬೆಗಳು. ಬಿಳಿಯದೆಲ್ಲ ಪಿತ್ತ ಎಂದರು. ಉಸಿರಿಗೆ ಹೊಟ್ಟೆ ಅಲುಗಿದರೆ ಇಷ್ಟು ಸಣ್ಣ ನಾಳ ಚಿತ್ರದಲ್ಲಿ ಮೂಡುವುದಿಲ್ಲವಂತೆ. ಅರಿವಳಿಕೆಯಲ್ಲಿದ್ದ ಸಂಡಿಗೆಯ ಉಸಿರನ್ನು ಆಗಾಗ ಕೆಲವು ಕ್ಷಣ ನಿಲ್ಲಿಸಿ ತೆಗೆದರಂತೆ. ಕೊಂಬೆಗಳು ಸೇರಿ ಕಾಂಡವಾಗಿ ಕೆಳಗಿಳಿದು ಒಂದು ಕಡೆ ಕಡಿದಂತೆ ನಿಂತಿದ್ದವು.

"ಕಲ್ಲಾ?" ಎಂದು ಕೇಳಿದಳು ವಿಜಯಶ್ರೀ ಇಂಗ್ಲಿಷಿನಲ್ಲಿ.

ಅಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಬೆಳೆದ ಗಡ್ಡೆ ನಾಳವನ್ನು ಹೊರಗಿನಿಂದ ಒತ್ತಿ ಹಿಡಿದಿತ್ತು. ಡಾಕ್ಟರ ಬೆರಳು ಯಕೃತ್ತಿನ ಕಡೆಗೆ ಸರಿಯಿತು. ಅಲ್ಲಿ ಎಳ್ಳು ಚೆಲ್ಲಿದ ಹಾಗೆ ಚುಕ್ಕೆಗಳು. ಅಲ್ಲಿಗೂ ಹರಡಿದೆ, ಇನ್ನು ಕೊಯ್ದು ಪ್ರಯೋಜನವಿಲ್ಲ, ನೋವಾಗದಂತೆ ನೋಡಿಕೊಳ್ಳಬಹುದು, ಅಷ್ಟೆ ಎಂದರು. ಆಮೇಲೆ ಮೆಲ್ಲನೆ ಕೇಳಿದರು: ಹಳದಿ ಮೊದಲು ಕಂಡದ್ದು ಯಾವಾಗ?

ಜಾಹ್ನವಿ ತಾಯಿಯ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು. "ಐ ಡೋಂಟ್ ನೋ."

"ಗೌರಿ ಹಬ್ಬದಿಂದ," ಎಂದಳು ವಿಜಯಶ್ರೀ. ಕನ್ನಡದಲ್ಲೇ ಬಂದುಬಿಟ್ಟಿತು. ಡಾಕ್ಟರಮ್ಮ ಕಾದರು. ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕಿತ್ತು, ಆಗಲೇ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಕೇಳಬೇಕಿತ್ತು. ಅವಳು ಬುಟ್ಟಿಯ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಜಾಹ್ನವಿಯೂ ಬಿಡಿಸಿ ಹೇಳಲಿಲ್ಲ.

ಸಂಡಿಗೆಯನ್ನು ಟವೆಲಿನಲ್ಲಿ ಸುತ್ತಿ ತಂದರು. ಮಂಪರು ಪೂರ್ತಿ ಇಳಿದಿರಲಿಲ್ಲ. ವಿಜಯಶ್ರೀ ಟಿಶ್ಯೂ ಒದ್ದೆ ಮಾಡಿಕೊಂಡು ಅದರ ಕಿವಿಯೊಳಗೆ ಒರೆಸಿದಳು. ಟಿಶ್ಯೂ ಬೆಳ್ಳಗೇ ಇತ್ತು, ಕಿವಿ ಹಳದಿಯಾಗಿಯೇ ಇತ್ತು. ಮಡಿಸಿ ಇನ್ನೊಂದು ಮಗ್ಗುಲಿನಿಂದ ಒರೆಸಿದಳು. ಮತ್ತೆ ಒರೆಸಿದಳು.

"ಸ್ಟಾಪ್, ಅಮ್ಮಾ," ಎಂದು ಜಾಹ್ನವಿ ಆ ಕಿವಿಯ ಮೇಲೆ ತನ್ನ ಅಂಗೈ ಮುಚ್ಚಿದಳು.